ದಿನಕ್ಕೊಂದು ಮಹಡಿ

ಲಿಫ್ಟಣ್ಣನ ಅಂಗಿಯ ಗುಂಡಿ ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಾರದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹೊಟ್ಟೆಯ ಮೇಲಿನ ಆ ಗುಂಡಿ ಬಹಳ ದಿನದಿಂದ ಕಷ್ಟದಲ್ಲಿತ್ತು. ಹಿಂದಿನಿಂದ ಹೊಟ್ಟೆ ನೂಕುತ್ತಿತ್ತು, ಒಂದೇ ಒಂದು ದಾರದ ಎಳೆ ಅದನ್ನು ಹಿಡಿದುಕೊಂಡಿತ್ತು. ಆ ಬೆಳಿಗ್ಗೆ ಲಿಫ್ಟಣ್ಣ ಕಬ್ಬಿಣದ ಬಾಗಿಲು ಎಳೆದು ಮುಚ್ಚಿ, ತನ್ನ ಸ್ಟೂಲಿನ ಮೇಲೆ ಕೂತು, ಲಿಫ್ಟಿನ ಹಿಡಿ ತಿರುಗಿಸಿ, ಒಂದು ಆಕಳಿಕೆ ತೆಗೆದ. ಆಕಳಿಕೆ ಸ್ವಲ್ಪ ದೊಡ್ಡದಾಯಿತು. ದಾರ ಕೈಬಿಟ್ಟಿತು. ಗುಂಡಿ ಕವಣೆ ಕಲ್ಲಿನ ಹಾಗೆ ಹಾರಿ, ಎದುರಿಗೆ ನಿಂತಿದ್ದ ಡಾಕ್ಟರ ಕನ್ನಡಕಕ್ಕೆ ಟಣ್ ಎಂದು ಬಡಿಯಿತು.

ಬೇರೆ ಯಾರಿಗಾದರೂ ಬಡಿದಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಡಾಕ್ಟರಿಗೆ ಬಡಿದದ್ದರಿಂದ ಉಪದೇಶ ಶುರುವಾಯಿತು.

"ಏನಯ್ಯಾ ಲಿಫ್ಟಣ್ಣ, ಎಷ್ಟಾಗಿದೀಯ ಈಗ? ತೊಂಬತ್ತೈದು ಕೇಜಿ?"

"ತೂಕ ನೋಡಿ ಬಹಳ ದಿನ ಆಯ್ತು ಸರ್."

"ನೋಡೋದು ಬೇಡ ಬಿಡು, ನನ್ನ ಕನ್ನಡಕ ನೋಡಿದೆ."

ಲಿಫ್ಟಣ್ಣ ಈ ಐದು ಮಹಡಿಯ ಹಳೇ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷದಿಂದ ಲಿಫ್ಟು ನಡೆಸುವವನು. ಬಟನ್ ಒತ್ತಿದರೆ ತಾನೇ ಓಡುವ ಲಿಫ್ಟಲ್ಲ ಅದು. ಹಿಡಿ ತಿರುಗಿಸಲು ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೆ ಕೂರಲು ಒಂದು ಸ್ಟೂಲು ಬೇಕು. ಇಪ್ಪತ್ತೆರಡು ವರ್ಷದಲ್ಲಿ ಲಿಫ್ಟಣ್ಣ ದಿನಕ್ಕೆ ನೂರು ಸಲ ಮೇಲಕ್ಕೆ ಹೋಗಿದ್ದಾನೆ, ನೂರು ಸಲ ಕೆಳಕ್ಕೆ ಬಂದಿದ್ದಾನೆ, ಆದರೆ ಸ್ಟೂಲಿನಿಂದ ಎದ್ದದ್ದು ಊಟಕ್ಕೆ ಮಾತ್ರ. ಕೂತಲ್ಲೇ ಇಷ್ಟು ಪ್ರಯಾಣ ಮಾಡಿದ ಮನುಷ್ಯ ಇನ್ನೊಬ್ಬನಿಲ್ಲ.

"ನೋಡು, ದೊಡ್ಡದೇನೂ ಮಾಡೋಕೆ ಹೋಗಬೇಡ," ಎಂದರು ಡಾಕ್ಟರು. "ದೊಡ್ಡದು ಮಾಡ್ತೀನಿ ಅಂತ ಹೊರಟವರೆಲ್ಲ ಮೂರನೇ ದಿನ ಹೊದ್ದುಕೊಂಡು ಮಲಗ್ತಾರೆ. ಒಂದು ಸಣ್ಣ ಬದಲಾವಣೆ ಸಾಕು. ದಿನಕ್ಕೆ ಒಂದು ಮಹಡಿ ಮೆಟ್ಟಿಲು ಹತ್ತು. ಒಂದೇ ಒಂದು. ಹದಿನೆಂಟು ಮೆಟ್ಟಿಲು. ಅಭ್ಯಾಸ ಆದಮೇಲೆ ನಿನ್ನ ಕಾಲೇ ನಿನ್ನನ್ನ ಕರ್ಕೊಂಡು ಹೋಗುತ್ತೆ."

ಇಷ್ಟು ಹೇಳುವಷ್ಟರಲ್ಲಿ ಲಿಫ್ಟು ಒಂದನೇ ಮಹಡಿಗೆ ಬಂದು ನಿಂತಿತು. ಡಾಕ್ಟರ ದವಾಖಾನೆ ಇದ್ದದ್ದು ಒಂದನೇ ಮಹಡಿಯಲ್ಲಿ. ಹನ್ನೊಂದು ವರ್ಷದಿಂದ ಆ ಹದಿನೆಂಟು ಮೆಟ್ಟಿಲಿನ ಮೇಲೆ ಅವರು ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಆದರೂ ಡಾಕ್ಟರ ಮಾತು. ಮೇಲಾಗಿ ಕನ್ನಡಕಕ್ಕೆ ಪೆಟ್ಟು ಕೊಟ್ಟ ತಪ್ಪು ಬೇರೆ ತಲೆಯ ಮೇಲಿತ್ತು. ಲಿಫ್ಟಣ್ಣ ಕೆಳಗೆ ಬಂದವನೇ ಲಿಫ್ಟಿನ ಬಾಗಿಲು ಮುಚ್ಚಿ, ಮೆಟ್ಟಿಲ ಬುಡಕ್ಕೆ ಹೋಗಿ, ತಲೆ ಎತ್ತಿ ನೋಡಿದ. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಅವನಿಗೂ ಮೆಟ್ಟಿಲಿಗೂ ಮಾತುಕತೆ ಇರಲಿಲ್ಲ. ಹತ್ತತೊಡಗಿದ. ಆರನೆಯ ಮೆಟ್ಟಿಲಿಗೆ ಕಂಬಿ ಹಿಡಿದ. ಹತ್ತನೆಯದಕ್ಕೆ ಬಾಯಿ ತೆರೆದ. ಹದಿಮೂರನೆಯದಕ್ಕೆ ಕುಲುಮೆಯ ಒಡೆದ ತಿದಿಯಂತೆ ಏದುಸಿರು ಬಿಡುತ್ತ, ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟ.

ಅದೇ ಹೊತ್ತಿಗೆ ಕೆಳಗೆ ಲಿಫ್ಟಿಗಾಗಿ ಬಂದವಳು ಟೈಪಿಂಗ್ ಅಕ್ಕ. ಮೂರನೇ ಮಹಡಿಯಲ್ಲಿ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದವಳು. ಕಟ್ಟಡದಲ್ಲಿ ನಡೆದದ್ದು, ನಡೆಯುವುದು, ನಡೆಯಲಾರದ್ದು ಮೂರೂ ಅವಳ ಬಾಯಿಂದಲೇ ಹೊರಡಬೇಕು.

"ಅಯ್ಯೋ ಲಿಫ್ಟಣ್ಣ! ನೀವ್ಯಾಕೆ ಮೆಟ್ಟಿಲು ಹತ್ತುತ್ತಾ ಇದ್ದೀರಿ?"

ಲಿಫ್ಟಣ್ಣನಿಗೆ ಉತ್ತರ ಹೇಳಲು ಉಸಿರಿರಲಿಲ್ಲ. 'ಇರು, ಬಂದೆ, ಅಲ್ಲೇ ನಿಲ್ಲು' ಎನ್ನುವಂತೆ ಲಿಫ್ಟಿನ ಕಡೆ ಕೈ ತೋರಿಸಿ, ಬೇಡ ಬೇಡವೆಂದು ಬೆರಳಾಡಿಸಿ, ಎದೆ ಹಿಡಿದುಕೊಂಡು ಮತ್ತೈದು ಮೆಟ್ಟಿಲು ಹತ್ತಿ ಕಣ್ಮರೆಯಾದ.

ಟೈಪಿಂಗ್ ಅಕ್ಕ ಒಂದು ಗಳಿಗೆ ಲಿಫ್ಟಿನ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಲಿಫ್ಟಿನಲ್ಲೇ ಬಾಳಿದ ಮನುಷ್ಯ ಲಿಫ್ಟು ಬಿಟ್ಟು ಮೆಟ್ಟಿಲಲ್ಲಿ ಓಡುತ್ತಿದ್ದಾನೆ, ಹತ್ತಬೇಡ ಎಂದು ಕೈ ಆಡಿಸುತ್ತಾನೆ, ಬಾಯಿಬಿಟ್ಟು ಹೇಳಲು ಹೆದರುತ್ತಾನೆ. ಅವಳಿಗೆ ಎಲ್ಲ ಅರ್ಥವಾಗಿ ಹೋಯಿತು. ಚಪ್ಪಲಿ ಸದ್ದಾಗದ ಹಾಗೆ ಲಿಫ್ಟಿನಿಂದ ಹಿಂದೆ ಸರಿದಳು.

ಲಿಫ್ಟಣ್ಣ ಉಸಿರು ತಿರುಗಿ ಕೆಳಗಿಳಿದು ಬಂದಾಗ ಅಲ್ಲಿದ್ದದ್ದು ವಾಚ್‌ಮನ್ ಒಬ್ಬನೇ.

"ಎಲ್ಲಿ ಹೋಗಿದ್ದೆಯೋ ಮಾರಾಯ? ಇವತ್ತೇ ನಿನಗೆ ಸುತ್ತಾಡೋಕೆ ಹೊತ್ತು ಸಿಕ್ಕಿದ್ದಾ? ಬಿಲ್ಡಿಂಗ್ ಯಜಮಾನಿಯಮ್ಮ ಫೋನ್ ಮಾಡಿದ್ರು. ಸಂಜೆ ಐದಕ್ಕೆ ಖುದ್ದಾಗಿ ಬರ್ತಾರಂತೆ. ಲಿಫ್ಟಿಗೆ ಎಷ್ಟು ಜನ ಹತ್ತುತ್ತಾರೆ ಅಂತ ನಿಂತು ನೋಡಿ, ಏನಾದ್ರೂ ಒಂದು ತೀರ್ಮಾನ ಮಾಡ್ತಾರಂತೆ."

"ಏನು ತೀರ್ಮಾನ?"

"ಇದರಲ್ಲಿ ಕೇಳೋದೇನಿದೆ? ಜನ ಹತ್ತಿದ್ರೆ ಲಿಫ್ಟು ಇರುತ್ತೆ. ಹತ್ತದಿದ್ರೆ ಲಿಫ್ಟು, ಸ್ಟೂಲು, ನೀನು, ಮೂವರೂ ಒಂದೇ ಗಾಡಿಯಲ್ಲಿ ಗುಜರಿಗೆ."

ಲಿಫ್ಟಣ್ಣನಿಗೆ ಐವತ್ತಮೂರು ವರ್ಷ. ಹಿಡಿ ತಿರುಗಿಸುವುದು ಬಿಟ್ಟು ಇನ್ನೊಂದು ಕೆಲಸ ಗೊತ್ತಿಲ್ಲ. ಮನೆಯಲ್ಲಿ ಹೆಂಡತಿ, ಕೊನೆಯ ವರ್ಷ ಓದುತ್ತಿರುವ ಮಗಳು. ಇರಲಿ, ಹೆದರುವಂಥದ್ದೇನಿದೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ. ದಿನಾ ಹತ್ತುವ ಜನ ಇವತ್ತೂ ಹತ್ತುತ್ತಾರೆ. ಸ್ಟೂಲು ಒರೆಸಿ, ಬಾಗಿಲು ತೆರೆದು, ಕಾದು ಕೂತ.

ನಾಲ್ಕನೇ ಮಹಡಿಯ ವಿಮಾ ಕಚೇರಿಯವರು ಬಂದರು. ಹನ್ನೆರಡು ಜನ. ಲಿಫ್ಟಿನ ಹತ್ತಿರ ಬಂದರು, ಒಳಗೆ ಇಣುಕಿದರು, ಲಿಫ್ಟಣ್ಣನ ಮುಖವನ್ನು ಸಾವಿನ ಮನೆಯ ಮುಖ ನೋಡುವ ಹಾಗೆ ನೋಡಿದರು, ಒಬ್ಬರ ಹಿಂದೊಬ್ಬರು ಮೆಟ್ಟಿಲ ಕಡೆ ತಿರುಗಿದರು.

"ಬನ್ನಿ ಸರ್, ಲಿಫ್ಟು ಇಲ್ಲೇ ಇದೆ!"

"ಇರ್ಲಿ ಇರ್ಲಿ, ನೀವು ಜೋಪಾನ," ಎಂದ ಒಬ್ಬ.

ಎರಡನೇ ಮಹಡಿಯ ವಕೀಲರ ಕಕ್ಷಿಗಾರರು ಬಂದರು, ಅವರೂ ಮೆಟ್ಟಿಲು. ಕಡೆಗೆ ಐದನೇ ಮಹಡಿಯ ಟೈಲರು ಬಟ್ಟೆಯ ಗಂಟು ಹೊತ್ತು ಬಂದ. ದಿನಾ ತನಗಿಂತ ಮೊದಲು ಗಂಟನ್ನು ಲಿಫ್ಟಿಗೆ ನೂಕುವ ಮನುಷ್ಯ, ಇವತ್ತು ಗಂಟನ್ನು ತಲೆಗೇರಿಸಿಕೊಂಡು ಮೆಟ್ಟಿಲಿಗೆ ಹೊರಟ. ಲಿಫ್ಟಣ್ಣ ಎದ್ದು ಹೋಗಿ ಅವನ ತೋಳು ಹಿಡಿದ.

"ಏನಾಗಿದೆಯಯ್ಯಾ ಎಲ್ಲರಿಗೂ? ನನ್ನ ಲಿಫ್ಟಿಗೆ ಯಾಕೆ ಬರ್ತಾ ಇಲ್ಲ?"

ಟೈಲರು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಮ್ಮ ಹತ್ತಿರ ಮುಚ್ಚುಮರೆ ಯಾಕೆ ಅಣ್ಣಾ? ಹಗ್ಗ ಒಂದೇ ಎಳೆಯಲ್ಲಿ ನಿಂತಿದೆಯಂತಲ್ಲ. ನೀವೇ ಹೆದರಿ ಮೆಟ್ಟಿಲು ಹತ್ತಿದ್ರಂತೆ. ಟೈಪಿಂಗ್ ಅಕ್ಕ ಕಣ್ಣಾರೆ ಕಂಡಿದ್ದಾಳೆ."

"ಒಂದೇ ಎಳೆಯಲ್ಲಿ ನಿಂತಿದ್ದು ನನ್ನ ಅಂಗಿ ಗುಂಡಿ ಕಣಯ್ಯಾ, ಹಗ್ಗ ಅಲ್ಲ!"

ಟೈಲರು ನಂಬಲಿಲ್ಲ. ಹೆದರಿದ ಮನುಷ್ಯ ಏನು ಬೇಕಾದರೂ ಹೇಳುತ್ತಾನೆ ಎನ್ನುವಂತೆ ಕನಿಕರದಿಂದ ತಲೆಯಾಡಿಸಿದ.

ಲಿಫ್ಟಣ್ಣನಿಗೆ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ವಕೀಲರು ಕರಿಕೋಟು ತೋಳಿನ ಮೇಲೆ ಹಾಕಿಕೊಂಡು ಒಳಗೆ ಬಂದರು. "ವಕೀಲರೇ, ಬನ್ನಿ! ನೀವೇ ಸಾಕ್ಷಿ! ಟೈಲರೇ, ನೀನೂ ಬಾ!" ಎಂದು ಇಬ್ಬರನ್ನೂ ಬಟ್ಟೆಯ ಗಂಟಿನ ಸಮೇತ ಲಿಫ್ಟಿಗೆ ನೂಕಿ, ಬಾಗಿಲು ಎಳೆದು, ಹಿಡಿ ತಿರುಗಿಸಿಯೇ ಬಿಟ್ಟ.

ಲಿಫ್ಟು ಗೊಣಗುತ್ತ ಮೇಲೇರಿತು. ಒಂದು ದಾಟಿತು. ಎರಡು ಬಂತು. "ಸರಿ, ಸಾಕು, ನಂಬಿದೆ, ನನ್ನ ಮಹಡಿ ಬಂತು, ನಿಲ್ಲಿಸು," ಎಂದರು ವಕೀಲರು.

"ಹಗ್ಗ ಗಟ್ಟಿಯಿದೆ ಅಂತ ಪೂರ್ತಿ ನೋಡಿಕೊಂಡೇ ಇಳೀರಿ ಸರ್! ನೋಡಿ!" ಎಂದು ಲಿಫ್ಟಣ್ಣ ಇದ್ದ ಜಾಗದಲ್ಲೇ ಎಗರಿದ.

ಒಂದು ಸಲ ಎಗರಿದಾಗ ದೀಪ ಮಿಣುಕಿತು. ಎರಡನೇ ಸಲ ಎಗರಿದಾಗ ಲಿಫ್ಟು 'ಕಿಯ್ಯೋ' ಎಂದಿತು. ಮೂರನೆಯದು ಬೇಕಾಗಿರಲಿಲ್ಲ, ಆದರೂ ಎಗರಿದ. ಲಿಫ್ಟು ಎರಡಕ್ಕೂ ಮೂರಕ್ಕೂ ನಡುವೆ, ಹಟ ಮಾಡಿದ ಎಮ್ಮೆಯ ಹಾಗೆ ನಿಂತುಬಿಟ್ಟಿತು.

ಮುಂದಿನ ಅರ್ಧ ಗಂಟೆಯಲ್ಲಿ ವಕೀಲರು ಲಿಫ್ಟಣ್ಣನ ಮೇಲೆ ಬಾಯಲ್ಲೇ ಮೂರು ದಾವೆ ಹೂಡಿದರು. ಟೈಲರು ಗಂಟಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡ. ಕಡೆಗೆ ಮೂರನೇ ಮಹಡಿಯಿಂದ ಟೈಪಿಂಗ್ ಅಕ್ಕ ಕೈ ಕೊಟ್ಟು, ಮೊದಲು ಗಂಟು, ಆಮೇಲೆ ಟೈಲರು, ಆಮೇಲೆ ವಕೀಲರು, ಒಂದೊಂದಾಗಿ ಮೇಲೆ ಎಳೆದುಕೊಂಡಳು. ಇಷ್ಟು ಭಾರ ಇಳಿದದ್ದೇ ತಡ, ಲಿಫ್ಟಿಗೆ ಸಿಟ್ಟು ಇಳಿಯಿತು. ಹಿಡಿ ತಿರುಗಿಸಿದರೆ ಏನೂ ಆಗದ ಹಾಗೆ ಓಡಿತು. ಅದನ್ನು ನೋಡಲು ಯಾರೂ ಇರಲಿಲ್ಲ.

"ನಾನು ಹೇಳಲಿಲ್ವಾ?" ಎಂದು ಟೈಪಿಂಗ್ ಅಕ್ಕ ಐದೂ ಮಹಡಿಗೆ ಕೇಳುವ ಹಾಗೆ ಹೇಳುತ್ತಿದ್ದಳು. "ಪಾಪ, ಬೆಳಿಗ್ಗೆಯೇ ಕೈಸನ್ನೆ ಮಾಡಿದ್ರು!"

ಲಿಫ್ಟಣ್ಣ ತಡೆಯಲಾರದೆ ಮೆಟ್ಟಿಲ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ. "ಹಗ್ಗಕ್ಕೆ ಏನೂ ಆಗಿಲ್ಲ ಕಣ್ರೀ! ಡಾಕ್ಟರು ಹೇಳಿದ್ರು, ಅದಕ್ಕೆ ಮೆಟ್ಟಿಲು ಹತ್ತಿದೆ! ಆರೋಗ್ಯಕ್ಕೆ! ದಿನಕ್ಕೊಂದು ಮಹಡಿ! ಸಣ್ಣ ಬದಲಾವಣೆ!"

ನಿಜ ಹೇಳಿದೆ, ಗೆದ್ದೆ ಎಂದು ಲಿಫ್ಟಣ್ಣ ಬೆವರು ಒರೆಸಿಕೊಂಡ.

"ಆರೋಗ್ಯಕ್ಕಾ?" ಎಂದ ವಿಮಾ ಕಚೇರಿಯ ಒಬ್ಬ ಮೇಲಿನಿಂದ.

"ಲಿಫ್ಟಣ್ಣನೇ ಮೆಟ್ಟಿಲು ಹತ್ತುತ್ತಾರೆ ಅಂದಮೇಲೆ ನಾವು ಹತ್ತದೇ ಇರೋದು ನಾಚಿಕೆಗೇಡು," ಎಂದ ಇನ್ನೊಬ್ಬ.

ಒಂದನೇ ಮಹಡಿಯ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಮ್ಮ ಮಾತನ್ನು ಯಾರೋ ಕೇಳಿದ್ದಾರೆಂದು ಅವರ ಮುಖ ದೀಪ ಹಚ್ಚಿದ ಹಾಗಾಗಿತ್ತು. ಕಂಬಿಗೆ ಒರಗಿ ನಿಂತು ಸಣ್ಣ ಬದಲಾವಣೆಗಳ ಮಹಿಮೆಯನ್ನು ಇಪ್ಪತ್ತು ನಿಮಿಷ ವಿವರಿಸಿದರು. ಕಾಯುತ್ತಿದ್ದ ರೋಗಿಗಳು ಕೆಮ್ಮುತ್ತ ಕೇಳಿದರು. ಟೈಪಿಂಗ್ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ದೊಡ್ಡ ಪಟ್ಟಿ ಟೈಪು ಮಾಡಿದಳು. ಎಡಗಡೆ ಕಟ್ಟಡದ ಎಲ್ಲರ ಹೆಸರು, ಬಲಗಡೆ ಅವರವರು ಹಿಡಿದ ಅಭ್ಯಾಸ, ಕೊನೆಯಲ್ಲಿ ಸಹಿ. ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಬೇಕಾಗಿತ್ತು. ಎಲ್ಲರಿಗೂ ಕಾಣುವ ಜಾಗ ಯಾವುದು? ಲಿಫ್ಟಿನ ಬಾಗಿಲು. ಬಾಗಿಲು ತೆರೆದರೆ ಪಟ್ಟಿ ಹರಿಯುತ್ತದೆ, ಅದಕ್ಕೇ ತೆರೆಯಬಾರದು ಎಂದು ತೀರ್ಮಾನವೂ ಆಯಿತು.

"ಅದು ಲಿಫ್ಟು ಕಣಮ್ಮಾ! ಜನ ಒಳಗೆ ಬರೋದು ಹೇಗೆ?" ಎಂದ ಲಿಫ್ಟಣ್ಣ.

"ಬರಬಾರದು ಅಂತಲೇ ಅಲ್ವಾ ಅಣ್ಣ ಅಂಟಿಸಿರೋದು? ನಿಮ್ಮಿಂದಲೇ ನಮಗೆಲ್ಲ ಬುದ್ಧಿ ಬಂದದ್ದು!"

ತಾವು ಒಂದೊಂದು ಅಭ್ಯಾಸ ಹಿಡಿದು ಮುಗಿದ ಮೇಲೂ ಜನರ ಉತ್ಸಾಹ ಉಳಿದಿತ್ತು. ಉಳಿದ ಉತ್ಸಾಹವೆಲ್ಲ ಲಿಫ್ಟಣ್ಣನ ಮೇಲೆ ಬಿತ್ತು. ಸ್ವಂತಕ್ಕೆ ಒಂದು ಅಭ್ಯಾಸ ಹಿಡಿಯುವುದು ಕಷ್ಟ, ಇನ್ನೊಬ್ಬನಿಗೆ ಹತ್ತು ಹಿಡಿಸುವುದು ಸಲೀಸು. ಕೂತು ಕೆಲಸ ಮಾಡುವುದೇ ಎಲ್ಲ ರೋಗದ ಮೂಲ ಎಂದು ಯಾರೋ ನೆನಪಿಸಿದರು. ಡಾಕ್ಟರು ಹೌದೆಂದು ತಲೆಯಾಡಿಸಿ, "ಈ ಸ್ಟೂಲು ನನ್ನ ದವಾಖಾನೆಯಲ್ಲಿರಲಿ. ನೀನು ಇನ್ನು ನಿಂತೇ ಕೆಲಸ ಮಾಡು. ಸಣ್ಣ ಬದಲಾವಣೆ," ಎಂದು ಹೊರಿಸಿಕೊಂಡು ಹೋದರು. ಇಪ್ಪತ್ತೆರಡು ವರ್ಷದ ಸ್ಟೂಲು. ಅದರ ಮೇಲೆ ಲಿಫ್ಟಣ್ಣನ ಅಚ್ಚೇ ಮೂಡಿತ್ತು.

ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ಏನ್ರೀ, ಟೈಪಿಂಗ್ ಅಕ್ಕ ಎಲ್ಲ ಹೇಳಿದ್ರು. ನನಗಂತೂ ಕಣ್ಣಲ್ಲಿ ನೀರು ಬಂತು. ಕಡೆಗೂ ಬುದ್ಧಿ ಬಂತಲ್ಲ ನಿಮಗೆ!"

"ಲೇ, ಕೇಳಿಲ್ಲಿ, ಸಂಜೆ ಯಜಮಾನಿಯಮ್ಮ..."

"ಸಂಜೆ ಬಸ್ ಹತ್ತಬೇಡಿ. ಮೂರೇ ಸ್ಟಾಪ್ ಅಲ್ವಾ, ನಡೆದೇ ಬನ್ನಿ. ರಾತ್ರಿಗೆ ಅನ್ನ ಅರ್ಧ ಮಾಡಿದ್ದೀನಿ. ಸಣ್ಣ ಬದಲಾವಣೆ!"

ಮೂರು ಗಂಟೆಯವರೆಗೆ ಲಿಫ್ಟಿಗೆ ಒಬ್ಬರೇ ಒಬ್ಬರು ಬಂದರು. ಡಾಕ್ಟರು. ಊಟಕ್ಕೆ ಹೋಗುವಾಗ ಲಿಫ್ಟನ್ನು ಒಂದನೇ ಮಹಡಿಗೆ ಕರೆಸಿಕೊಂಡು, ಹಿಂದೆ ಮುಂದೆ ನೋಡಿ, ಪಟ್ಟಿಯ ಕೆಳಗಿನ ಮೂಲೆ ಜೋಪಾನವಾಗಿ ಬಿಡಿಸಿ, ಬಾಗಿಲ ಸಂದಿಯಲ್ಲಿ ನುಸುಳಿ ಒಳಗೆ ಬಂದು, ಒಂದು ಮಹಡಿ ಇಳಿದು, "ಮೊಣಕಾಲು ಸ್ವಲ್ಪ ಸರಿಯಿಲ್ಲ, ನಿನ್ನಲ್ಲೇ ಇರ್ಲಿ," ಎಂದು ಹೋದರು.

ವಾಚ್‌ಮನ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ. "ಇನ್ನೆರಡು ಗಂಟೆ ಅಷ್ಟೇ ಲಿಫ್ಟಣ್ಣ. ನಿನ್ನ ಟಾರ್ಚು ನನಗೆ ಕೊಟ್ಟು ಹೋಗ್ತೀಯಾ? ಗುಜರಿಯವನಿಗೆ ಯಾಕೆ?"

ಆಗ ಲಿಫ್ಟಣ್ಣ ಮಾಡಬಾರದ ಕೆಲಸ ಮಾಡಿದ. ಕಾಲು ಹಿಡಿದಾದರೂ ಸರಿ, ಐದು ಗಂಟೆಗೆ ಎಲ್ಲರನ್ನೂ ಲಿಫ್ಟಿಗೆ ಹತ್ತಿಸಬೇಕೆಂದು ನಿಶ್ಚಯಿಸಿ, ಮೆಟ್ಟಿಲು ಹತ್ತಿ ಹೊರಟ.

ಎರಡನೇ ಮಹಡಿಯಲ್ಲಿ ವಕೀಲರು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಬೆಳಿಗ್ಗೆಯಿಂದ ನಾಲ್ಕು ಸಲ ಹತ್ತಿಳಿದಿದ್ದರು. ನಿಜ ಹೇಳಬೇಕೆಂದರೆ ಮೂರೂವರೆಯ ಹೊತ್ತಿಗೆ ಇಡೀ ಕಟ್ಟಡದ ಆರೋಗ್ಯ ಮೊಣಕಾಲಿಗೆ ಇಳಿದಿತ್ತು. ಲಿಫ್ಟು ಹತ್ತಲು ಎಲ್ಲರಿಗೂ ಮನಸ್ಸಿತ್ತು, ಪಟ್ಟಿಯಲ್ಲಿ ಸಹಿ ಹಾಕಿದ ನಾಚಿಕೆ ತಡೆದಿತ್ತು. ಒಂದು ನೆಪ ಬೇಕಾಗಿತ್ತು, ಅಷ್ಟೇ. ಆದರೆ ಬಿಟ್ಟಿ ಒಪ್ಪಿದರೆ ವಕೀಲರೆಂದು ಯಾರು ಕರೆದಾರು?

"ಸರ್, ನನ್ನ ಕೆಲಸದ ಪ್ರಶ್ನೆ. ಐದು ಗಂಟೆಗೆ ಹತ್ತೇ ನಿಮಿಷ. ಸುಮ್ಮನೆ ಮೇಲೆ ಕೆಳಗೆ ಓಡಾಡಿ, ಸಾಕು."

"ನಿನಗೋಸ್ಕರ ನನ್ನ ಒಳ್ಳೇ ಅಭ್ಯಾಸ ಮುರೀಬೇಕು ಅಂತೀಯ. ಆಗಲಿ. ಅದಕ್ಕೆ ಬದಲಾಗಿ ನೀನು ಒಂದು ಕೆಟ್ಟ ಅಭ್ಯಾಸ ಬಿಡು. ಮಧ್ಯಾಹ್ನ ಲಿಫ್ಟಲ್ಲಿ ಗೊರಕೆ ಹೊಡೀತೀಯಲ್ಲ, ಅದು ಇನ್ನು ಬಂದ್. ಬರೆದು ಕೊಡು."

ಬರೆದು ಕೊಟ್ಟ.

ಟೈಪಿಂಗ್ ಅಕ್ಕನ ಹತ್ತಿರ ಹೋದರೆ ಅವಳು ಕಣ್ಣರಳಿಸಿದಳು. "ಅಯ್ಯೋ, ಇದನ್ನ ಬೆಳಿಗ್ಗೆಯೇ ಹೇಳಬಾರದಿತ್ತಾ? ಬರ್ತೀನಿ ಬಿಡಿ. ಆದ್ರೆ ಅಣ್ಣ, ಟೀಗೆ ಮೂರು ಚಮಚ ಸಕ್ಕರೆ ಹಾಕಿಸ್ಕೋತೀರಲ್ಲ..."

"ಎರಡು ಮಾಡ್ತೀನಿ."

"ಸೊನ್ನೆ."

"ಸೊನ್ನೆ," ಎಂದ ಲಿಫ್ಟಣ್ಣ. ಆ ಒಂದು ಮಾತಿಗೆ ನಾಲಿಗೆಯೆಲ್ಲ ಕಹಿಯಾಯಿತು.

ವಿಮಾ ಕಚೇರಿಯಲ್ಲಿ ಹನ್ನೆರಡು ಜನಕ್ಕೆ ಹನ್ನೆರಡು ಅಭಿಪ್ರಾಯ. ಬಹಳ ಚರ್ಚೆಯಾಗಿ, ಬಿಸ್ಕತ್ತು ಬಿಡುವುದು, ಗಂಟೆಗೊಂದು ಚೊಂಬು ನೀರು ಕುಡಿಯುವುದು, ದಿನಾ ಬೆಳಿಗ್ಗೆ ಏಳೂವರೆಗೆ ಬಂದು ತಮ್ಮ ಜೊತೆ ತಾರಸಿಯಲ್ಲಿ ದೀರ್ಘ ಉಸಿರಾಟ ಮಾಡುವುದು ಎಂಬ ಮೂರಕ್ಕೆ ಇಳಿದರು. ಲಿಫ್ಟಣ್ಣ ಮೂರಕ್ಕೂ ಹೂಂಗುಟ್ಟಿದ.

ಐದನೇ ಮಹಡಿ ತಲುಪುವಾಗ ಅವನ ಕಾಲು ಅವನದಾಗಿರಲಿಲ್ಲ. ಟೈಲರು ಅವನನ್ನು ಮೇಲಿಂದ ಕೆಳಗೆ ಅಳೆಯುವವನಂತೆ ನೋಡಿದ. "ಬರ್ತೀನಿ. ಆದ್ರೆ ಅಣ್ಣಾ, ಬಟ್ಟೆ ಸಡಿಲ ಇದ್ರೆ ಹೊಟ್ಟೆಗೆ ಭಯ ಇರಲ್ಲ. ಅಂಗಿ ಬಿಚ್ಚಿ." ಹತ್ತು ನಿಮಿಷದಲ್ಲಿ ಅಂಗಿಯ ಎರಡೂ ಪಕ್ಕ ಎರಡೆರಡು ಇಂಚು ಒಳಗೆ ಹಾಕಿ ಹೊಲಿದು, ಹಾರಿದ ಗುಂಡಿಯ ಜಾಗದಲ್ಲಿ ಕೋಟಿನ ಗುಂಡಿ ಇಟ್ಟು, ಚರ್ಮ ಹೊಲಿಯುವ ದಾರದಲ್ಲಿ ಬಿಗಿದ. "ಇದು ಹಾರಿದ್ರೆ ನಾನು ಕತ್ತರಿ ಕೆಳಗಿಡ್ತೀನಿ."

ಲಿಫ್ಟಣ್ಣ ಅರ್ಧ ಉಸಿರು ಮಾತ್ರ ಎಳೆಯಬಲ್ಲ ಸ್ಥಿತಿಯಲ್ಲಿ ತೊಂಬತ್ತು ಮೆಟ್ಟಿಲು ಇಳಿದು ಬಂದ. ಆ ದಿನ ಅವನು ಹತ್ತಿದಷ್ಟು ಮೆಟ್ಟಿಲು ಇಪ್ಪತ್ತೆರಡು ವರ್ಷದಲ್ಲಿ ಹತ್ತಿರಲಿಲ್ಲ.

ಐದಕ್ಕೆ ಸರಿಯಾಗಿ ಯಜಮಾನಿಯಮ್ಮನ ಕಾರು ಬಂತು. ಎಪ್ಪತ್ತು ದಾಟಿದ, ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ವಾಚ್‌ಮನ್ ಹಾಕಿದ ಕುರ್ಚಿಯಲ್ಲಿ ಕೂತು, ಕೋಲನ್ನು ಮಡಿಲ ಮೇಲಿಟ್ಟುಕೊಂಡು, ಲಿಫ್ಟಿನ ಕಡೆ ನೋಡಿದರು.

ಜನ ಮಾತಿಗೆ ತಪ್ಪಲಿಲ್ಲ. ಮಾತಿಗಿಂತ ಹೆಚ್ಚೇ ಮಾಡಿದರು. ಪಟ್ಟಿ ಮಾಯವಾಗಿತ್ತು. ಲಿಫ್ಟಿನ ಮುಂದೆ ಸಾಲು ಗೇಟಿನವರೆಗೆ ಬೆಳೆದಿತ್ತು. ವಿಮಾ ಕಚೇರಿಯ ಹನ್ನೆರಡು ಜನ ಇಳಿದರು, ಏನೋ ಮರೆತವರ ಹಾಗೆ ಹಣೆ ಚಚ್ಚಿಕೊಂಡು ಹತ್ತಿದರು, ಮತ್ತೆ ಇಳಿದರು. ಮೊಣಕಾಲು ನೋವಿನವರಿಗೆ ಲಿಫ್ಟು ಎಷ್ಟು ಸುಖವೆಂದರೆ ಅವರಿಗೆ ನಟನೆ ಯಾವುದು ನಿಜ ಯಾವುದು ಮರೆತೇಹೋಗಿತ್ತು. ಟೈಲರು ಅದೇ ಗಂಟನ್ನು ಮೂರು ಸಲ ಮೇಲೆ ಕೆಳಗೆ ಸಾಗಿಸಿದ. ಟೈಪಿಂಗ್ ಅಕ್ಕ ದಾರಿಯಲ್ಲಿ ಹೋಗುವವರಿಬ್ಬರನ್ನೂ ಕರೆದು ಸಾಲಿಗೆ ನಿಲ್ಲಿಸಿದಳು. ವಕೀಲರು ಕೋರ್ಟಿನಲ್ಲಿ ಬಳಸದ ದನಿ ಇಲ್ಲಿ ಬಳಸಿದರು: "ಈ ಲಿಫ್ಟು ಒಂದು ದಿನ ನಿಂತರೆ ಈ ಕಟ್ಟಡದಲ್ಲಿ ಯಾರೂ ಉಳಿಯೋದಿಲ್ಲ ಅಮ್ಮಾ!"

ಲಿಫ್ಟಣ್ಣ ನಿಂತೇ ಹಿಡಿ ತಿರುಗಿಸಿದ. ಅಂಗಿ ಬಿಗಿಯುತ್ತಿತ್ತು, ಆದರೂ ಮನಸ್ಸು ಹಗುರಾಗಿತ್ತು. ಇಂಥ ಜನಜಂಗುಳಿ ಅವನ ಲಿಫ್ಟಿಗೆ ಎಂದೂ ಬಂದಿರಲಿಲ್ಲ.

ಕಾಲು ಗಂಟೆ ನೋಡಿದ ಮೇಲೆ ಯಜಮಾನಿಯಮ್ಮ ಕೋಲಿನಿಂದ ಅವನನ್ನು ಕರೆದರು.

"ಏನಪ್ಪಾ, ದಿನಾ ಹೀಗೇನಾ?"

"ಇದು ಕಮ್ಮಿ ಅಮ್ಮಾ! ದಿನಾ ಇದಕ್ಕಿಂತ ಹೆಚ್ಚು!" ಎಂದ ಲಿಫ್ಟಣ್ಣ, ಎದೆಯುಬ್ಬಿಸಿ, ಅಂಗಿ ಬಿಟ್ಟಷ್ಟು.

ಯಜಮಾನಿಯಮ್ಮ ನಿಟ್ಟುಸಿರು ಬಿಟ್ಟರು. "ನಾನು ಬಂದದ್ದೇ ಬೇರೆ ಯೋಚನೆಯಲ್ಲಿ. ಹೊಸ ಲಿಫ್ಟು ಹಾಕಿಸಿ, ಬಟನ್ ಒತ್ತಿದ್ರೆ ತಾನೇ ಹೋಗುತ್ತೆ, ಆಳು ಬೇಡ ಅಂತ ಕಂಪನಿಯವರು ಆರು ತಿಂಗಳಿಂದ ಜೀವ ತಿಂತಾ ಇದ್ದಾರೆ. ಅಷ್ಟೊಂದು ಜನ ಹತ್ತಲ್ಲಪ್ಪ, ನಮ್ಮ ಹಳೇ ಲಿಫ್ಟೇ ಸಾಕು, ಅದೂ ಇರ್ಲಿ, ಪಾಪ ಇವನೂ ಇರ್ಲಿ, ಇಬ್ರೂ ಜೊತೆಯಲ್ಲೇ ರಿಟೈರ್ ಆಗ್ಲಿ ಅಂತ ಹೇಳಿ ಕಳಿಸೋಣ ಅಂದ್ಕೊಂಡಿದ್ದೆ. ಒಂದ್ಸಲ ಕಣ್ಣಾರೆ ನೋಡಿಬಿಡೋಣ ಅಂತ ಬಂದೆ. ಆದ್ರೆ ಇಲ್ಲಿ ನೋಡಿದ್ರೆ ಜಾತ್ರೆ! ಇಷ್ಟು ಜನಕ್ಕೆ ಈ ಮುದಿ ಲಿಫ್ಟು ಹೇಗೆ ತಡೆದೀತು? ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಹೊಣೆ ಯಾರು? ಬೆಳಿಗ್ಗೆ ಒಂದ್ಸಲ ಸಿಕ್ಕಿಹಾಕ್ಕೊಂಡಿತ್ತಂತೆ ಬೇರೆ. ವಾಚ್‌ಮನ್, ಈಗಲೇ ಬೀಗ ಹಾಕು. ಹೊಸದು ಬರುತ್ತೆ."

ಲಿಫ್ಟಣ್ಣ ಒಂದು ದೊಡ್ಡ ಉಸಿರು ಒಳಗೆಳೆದುಕೊಂಡ. ಟೈಲರು ಹೇಳಿದ್ದು ನಿಜ, ಗುಂಡಿ ಹಾರಲಿಲ್ಲ. ಅಂಗಿ ಬೆನ್ನಿನಲ್ಲಿ ಮೇಲಿಂದ ಕೆಳಗೆ ಪರ್ರೆಂದು ಹರಿಯಿತು.

"ಹೆದರಬೇಡ, ನಿನ್ನನ್ನ ಈಗಲೇ ಬೀದಿಗೆ ಹಾಕಲ್ಲ," ಎಂದರು ಯಜಮಾನಿಯಮ್ಮ. "ಹೊಸದು ಬರೋಕೆ ನಾಲ್ಕು ತಿಂಗಳು ಬೇಕು. ಅಲ್ಲೀತನಕ ಎಲ್ಲರ ಸಾಮಾನು, ಕಾಗದಪತ್ರ, ನೀರಿನ ಕ್ಯಾನು, ಎಲ್ಲ ನೀನೇ ಮೆಟ್ಟಿಲ ಮೇಲೆ ತಲುಪಿಸು. ಮೆಟ್ಟಿಲು ಹತ್ತೋದು ನಿನಗೆ ಬಹಳ ಇಷ್ಟವಂತಲ್ಲ, ಈ ಹುಡುಗಿ ಹೇಳಿದಳು. ಆಮೇಲೆ ಮೈ ಹಗುರ ಆಗಿರುತ್ತೆ, ಎಲ್ಲಾದ್ರೂ ಕೆಲಸ ಸಿಗುತ್ತೆ."

ಟೈಪಿಂಗ್ ಅಕ್ಕ ತಾನು ಮಾಡಿದ ಉಪಕಾರಕ್ಕೆ ತಾನೇ ನಾಚಿ ತಲೆ ತಗ್ಗಿಸಿದಳು.

ಕಾರು ಹೋಯಿತು. ಜನ ಚದುರಿದರು. ಹೋಗುವಾಗ ಒಬ್ಬೊಬ್ಬರೂ ಲಿಫ್ಟಣ್ಣನ ಭುಜ ತಟ್ಟಿ ಹೋದರು. ಯಾರೂ ಕೊಟ್ಟ ಮಾತು ಹಿಂದೆ ಪಡೆಯಲು ಬಿಡಲಿಲ್ಲ. "ನಾಳೆ ಏಳೂವರೆಗೆ ತಾರಸಿ, ಮರೀಬೇಡಿ," ಎಂದರು ವಿಮೆಯವರು. "ಬರೆದು ಕೊಟ್ಟಿದ್ದು ನನ್ನ ಹತ್ತಿರ ಇದೆ," ಎಂದರು ವಕೀಲರು.

ಲಿಫ್ಟಣ್ಣ ವಾಚ್‌ಮನ್ ಕಡೆ ತಿರುಗಿದ. ಕಣ್ಣು ಕೆಂಡದಂತಿತ್ತು. "ಜನ ಹತ್ತದಿದ್ರೆ ಗುಜರಿಗೆ ಅಂದವನು ಯಾರೋ?"

"ನಾನು ಹೇಳಿದ್ರಲ್ಲಿ ತಪ್ಪೇನಿದೆ?" ಎಂದ ವಾಚ್‌ಮನ್, ಬೀಗ ಜಗ್ಗಿ ನೋಡುತ್ತ. "ಐದಕ್ಕೆ ಬರ್ತಾರೆ ಅಂದೆ, ಬಂದ್ರು. ತೀರ್ಮಾನ ಮಾಡ್ತಾರೆ ಅಂದೆ, ಮಾಡಿದ್ರು. ಟಾರ್ಚು ಕೊಡ್ತೀಯೋ ಇಲ್ವೋ?"

ಕಾಲು ಸೋತು, ಲಿಫ್ಟಣ್ಣ ಅಭ್ಯಾಸಬಲದಿಂದ ಹಿಂದೆ ನೋಡದೆ ಕೂರಲು ಹೋದ. ಸ್ಟೂಲು ಇರಲಿಲ್ಲ. ನೆಲಕ್ಕೆ ಬಿದ್ದ. ಬಿದ್ದ ಜಾಗದಿಂದ ತಲೆ ಎತ್ತಿದರೆ, ಮೆಟ್ಟಿಲ ಬುಡದಲ್ಲಿ ಅವನದೇ ಸ್ಟೂಲು ಕಂಡಿತು. ಅದರ ಮೇಲೆ ಡಾಕ್ಟರು. ಲಿಫ್ಟಿಗೆ ಬೀಗ ಬಿದ್ದದ್ದರಿಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಹದಿನೆಂಟು ಮೆಟ್ಟಿಲು ಇಳಿದು ಬಂದಿದ್ದರು. ನಡುವೆ ಬೇಕಾದೀತೆಂದು ಸ್ಟೂಲನ್ನೂ ಕೆಲಸದವನ ಕೈಲಿ ಹೊರಿಸಿಕೊಂಡೇ ಬಂದಿದ್ದರು. ಬಾಯಿ ತೆರೆದು, ಎದೆಯ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು.

"ಲಿಫ್ಟಣ್ಣಾ," ಎಂದರು ಉಸಿರು ಸಿಕ್ಕ ಮೇಲೆ, "ಕನ್ನಡಕ ಮೇಲೇ ಬಿಟ್ಟು ಬಂದೆ. ಸ್ವಲ್ಪ ತಂದುಕೊಡಪ್ಪಾ. ಒಂದೇ ಮಹಡಿ ಅಲ್ವಾ."